ಪಗಾರ, ಪೆಟ್ರೋಲು ಮತ್ತು ಕೊನೆಯ ಬಸ್ಸು

ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಒಂದು ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ. ಒಣದ್ರಾಕ್ಷಿಗೆ ಸಾಂಗ್ಲಿಯಲ್ಲಿ ಒಳ್ಳೆಯ ರೇಟ್ ಬಂದಿದೆ ಎಂದು ಫೋನು ಬಂದರೆ ನಮ್ಮಪ್ಪ ಖುಷಿಪಡುವುದಿಲ್ಲ. ‘ಗಾಡಿ ಬಾಡಗಿ, ಹಮಾಲಿ ಕಳದ ಮ್ಯಾಲ ಕೈಯಾಗ ಉಳಿದಿದ್ದು ನಮ್ಮ ರೇಟು’ ಎನ್ನುತ್ತಾನೆ. ಹಾಗಾಗಿ ಪತ್ರಿಕೆಯೊಂದು ಕ್ರೀಡಾ ವರದಿಗಾರರನ್ನು ಹುಡುಕುತ್ತಿದೆ, ಪಗಾರ 14,000 ಎಂದು ನಾನು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಹೋಗಿ ಬರಾಕ ಎಷ್ಟ ಹೋಗ್ತೈತಿ?’

ನಾನು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ. ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಹೆಣ್ಣುಮಕ್ಕಳನ್ನು ಹೇಗೆ ಬರೆಯುತ್ತಾರೆ ಎಂಬುದು ನನ್ನ ವಿಷಯ. ಶಿಷ್ಯವೇತನ ಮಾರ್ಚಿಗೆ ಮುಗಿದಿದೆ, ಪ್ರಬಂಧ ಮುಗಿದಿಲ್ಲ. ವಯಸ್ಸು ಇಪ್ಪತ್ತೆಂಟು. ಇಂಥ ಹೊತ್ತಿನಲ್ಲಿ ನಗರದ ಜೊತೆಗೆ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಕ್ರೀಡಾಸುದ್ದಿ ಬರೆಯುವ ಕೆಲಸ ಎಂದರೆ, ನನ್ನನ್ನೇ ನೋಡಿ ಜಾಹೀರಾತು ಬರೆದಂತಿತ್ತು.

ರಾತ್ರಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ. ನಮ್ಮೂರು ತಿಕೋಟಾದಿಂದ ಒಳಗೆ ನಾಲ್ಕು ಕಿಲೋಮೀಟರ್. ನಗರಕ್ಕೆ ಹೋಗಿಬಂದರೆ 48 ಕಿಲೋಮೀಟರ್. ತಮ್ಮನ ಸ್ಕೂಟಿ ಲೀಟರಿಗೆ 45 ಕೊಡುತ್ತದೆ, ಪೆಟ್ರೋಲು ನೂರರ ಮೇಲಿದೆ. ತಿಂಗಳಿಗೆ 26 ದಿನವೆಂದರೆ ಹತ್ತಿರಹತ್ತಿರ 2,900 ರೂಪಾಯಿ. ತಿಕೋಟಾ ಇರುವುದು ಅಥಣಿ ರಸ್ತೆಯಲ್ಲಿ, ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ. ವಾರಕ್ಕೆರಡು ಸಲ ಆ ಕಡೆಯೂ ಹೋದರೆ ಮತ್ತೆ ಸಾವಿರ. ಕೈಯಲ್ಲಿ ಉಳಿಯುವುದು ಹತ್ತು ಸಾವಿರ. ನಗರದಲ್ಲಿ ರೂಮು ಹಿಡಿದರೆ ಬಾಡಿಗೆಗೂ ಊಟಕ್ಕೂ ಸೇರಿ ಏಳು ಸಾವಿರ ಹೋಗುತ್ತದೆ.

ಮೂರನೆಯ ದಾರಿ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ನನ್ನ ಟಿಕೆಟ್ಟಿನ ಮೇಲೆ ಸೊನ್ನೆ ಇದೆ. ಅಪ್ಪನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಲಾಭ. ಆದರೆ ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಎರಡೂವರೆ ತಾಸು, ತಿಂಗಳಿಗೆ 65 ತಾಸು. ನನ್ನ ಪ್ರಬಂಧದ ಒಂದು ಅಧ್ಯಾಯ ಆ ಬಸ್ಸಿನಲ್ಲೇ ಕರಗಿಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮೂರಿಗೆ ಬರುವ ಕೊನೆಯ ಬಸ್ಸು ನಗರ ಬಿಡುವುದು ಸಂಜೆ ಏಳೂವರೆಗೆ. ಕಬಡ್ಡಿ ಫೈನಲ್ಲು ಶುರುವಾಗುವುದೇ ಎಂಟರ ಮೇಲೆ. ಜಾತ್ರೆಯ ಕುಸ್ತಿಯಲ್ಲಿ ದೊಡ್ಡ ಜೋಡಿ ಕಣಕ್ಕಿಳಿಯುವುದು ಹೊತ್ತು ಮುಳುಗುವಾಗ.

ಕಚೇರಿಗೆ ಫೋನು ಮಾಡಿ ಕೇಳಿದೆ. ‘ಪುಟ ಮುಗಿಯೂದು ಹತ್ತಕ್ಕ. ನಿಮಗ ಆಗ್ತೈತೇನ್ರಿ ಮೇಡಂ?’ ಎಂದರು. ಪ್ರಯಾಣ ಭತ್ಯೆ ಇದೆಯೇ ಎಂದೆ. ‘ನಿಮಗ ಹೆಂಗೂ ಬಸ್ ಫ್ರೀ ಐತಲ್ರಿ’ ಎಂದು ನಕ್ಕರು.

ಆ ನಗು ಎರಡು ದಿನ ಕಿವಿಯಲ್ಲಿತ್ತು. ನನ್ನ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ ಎಂದು ಸರ್ಕಾರ ಟಿಕೆಟ್ಟು ಬಿಟ್ಟುಕೊಟ್ಟರೆ, ಅದು ಕಚೇರಿಯ ಉಳಿತಾಯವಾಗುತ್ತಿದೆ. ಪತ್ರಕರ್ತರಿಗೆ ವೇತನವನ್ನು ಗೊತ್ತುಪಡಿಸಲು ಈ ದೇಶದಲ್ಲಿ 2025ರವರೆಗೆ 1955ರ ಕಾಯ್ದೆಯೇ ಇತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿದಿದೆ. ಅದನ್ನೆಲ್ಲ ನಾನು ಪರೀಕ್ಷೆಗೆಂದು ಓದಿದವಳು. ಫೋನಿನಲ್ಲಿ ಒಂದು ಮಾತೂ ಬಾಯಿಗೆ ಬರಲಿಲ್ಲ.

ಅರ್ಜಿ ಬೇಡವೆಂದೇ ಅಂದುಕೊಂಡೆ. ಮರುದಿನ ಎಂದಿನಂತೆ ಬೆಳಗಿನ ಬಸ್ಸಿನಲ್ಲಿ ತೊರವಿಗೆ ಹೊರಟೆ. ವಿಜಯಪುರ ಸೈಕ್ಲಿಂಗಿನ ಜಿಲ್ಲೆ. ನಗರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದರೂ ಇಲ್ಲಿಯ ಮಕ್ಕಳು ಡಾಂಬರು ರಸ್ತೆಯ ಮೇಲೆ ಲಾರಿಗಳ ನಡುವೆ ತುಳಿದೇ ಪದಕ ತಂದವರು. ಅವತ್ತೂ ಐದಾರು ಮಂದಿ ಬಾಗಿ ಹೊರಟಿದ್ದರು. ನಾನು ಇಳಿದಲ್ಲೇ ಒಬ್ಬಳು ಹುಡುಗಿ ಚೈನು ಬಿಚ್ಚಿಕೊಂಡು ಕೂತಿದ್ದಳು. ಬಬಲೇಶ್ವರ ಕಡೆಯವಳು, ಹತ್ತನೇ ತರಗತಿ. ನಾನು ಪೇಪರಿನ ಬಗ್ಗೆ ಓದುತ್ತಿರುವವಳು ಎಂದದ್ದೇ ತಡ, ‘ಅಕ್ಕಾ, ಪೇಪರ್‌ನ್ಯಾಗ ನನ್ನ ಹೆಸರು ತಪ್ಪ ಬಂದಿತ್ರಿ’ ಎಂದಳು. ‘ಆದ್ರೂ ನಮ್ಮಪ್ಪ ಅದನ್ನ ಲ್ಯಾಮಿನೇಶನ್ ಮಾಡಿಸ್ಯಾನ.’

ನನ್ನ ಕಪಾಟಿನಲ್ಲಿ ಕತ್ತರಿಸಿಟ್ಟ ಕ್ರೀಡಾಪುಟಗಳ ಕಟ್ಟುಗಳಿವೆ. ಅವುಗಳಲ್ಲಿ ನಮ್ಮ ಜಿಲ್ಲೆಯ ಹುಡುಗಿಯರು ಬರುವುದು ಹೆಚ್ಚಾಗಿ ಫೋಟೋದ ಕೆಳಗಿನ ಸಾಲಾಗಿ. ಇದಕ್ಕೆ ನಾನು ಪ್ರಬಂಧದಲ್ಲಿ ದೊಡ್ಡ ದೊಡ್ಡ ಕಾರಣಗಳನ್ನು ಬರೆದಿದ್ದೆ. ಚಿಕ್ಕ ಕಾರಣವೊಂದು ಹೊಳೆದಿರಲಿಲ್ಲ. 2017ರ ಜುಲೈ 15ರಂದು ನಮ್ಮ ಜಿಲ್ಲೆಯ ರಾಜೇಶ್ವರಿ ಗಾಯಕವಾಡ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ತೆಗೆದಾಗ ನಾನು ಡಿಗ್ರಿಯಲ್ಲಿದ್ದೆ. ಅದು ವಿಶ್ವಕಪ್ಪು; ಟಿವಿ ತೋರಿಸಿತು, ಎಲ್ಲರೂ ಬರೆದರು. ಟಿವಿ ಬಾರದ ಮೈದಾನದ ಸುದ್ದಿ ಬರೆಯಲು ಒಬ್ಬರು ಅಲ್ಲಿಗೆ ಹೋಗಿರಬೇಕು, ಹೆಸರು ಕೇಳಿ ಬರೆದುಕೊಳ್ಳುವಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಅವರಿಗೂ ಮನೆ ಸೇರಲು ಬಸ್ಸಿರಬೇಕು. ಬಸ್ಸು ತಪ್ಪುತ್ತದೆಂದು ಓಡುವವರು ಸಂಘಟಕರು ಕೊಟ್ಟ ಚೀಟಿಯನ್ನೇ ಕಳಿಸುತ್ತಾರೆ. ಅದರಲ್ಲಿ ಹೆಸರು ತಪ್ಪಿದ್ದರೆ ಪುಟದಲ್ಲೂ ತಪ್ಪುತ್ತದೆ.

ನನ್ನ ಓಡಾಟದ ಖರ್ಚು ನನ್ನ ಮನೆಯ ಗೋಳು ಎಂದುಕೊಂಡಿದ್ದೆ. ಅದು ಸುದ್ದಿ ಸಂಗ್ರಹದ ಖರ್ಚು. ಒಣದ್ರಾಕ್ಷಿಯ ಗಾಡಿ ಬಾಡಿಗೆಯನ್ನು ರೈತ ಹೊರುತ್ತಾನೆ, ಯಾಕೆಂದರೆ ಅವನನ್ನು ಕೇಳುವವರಿಲ್ಲ. ನಾನಾದರೂ ಒಂದು ಸಲ ಬರೆದು ಕೇಳಬಹುದಲ್ಲ?

ಅರ್ಜಿ ಬರೆದೆ. ಕೆಳಗೆ ನಾಲ್ಕು ಸಾಲು ಸೇರಿಸಿದೆ. ಮೈದಾನಕ್ಕೆ ಹೋದ ದಿನ ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ ಕೊಡಬೇಕು. ಆ ದಿನಗಳಲ್ಲಿ ಕಚೇರಿಗೆ ಬಾರದೆ ಮೊಬೈಲಿನಿಂದಲೇ ವರದಿ ಕಳಿಸಲು ಬಿಡಬೇಕು. ರಾತ್ರಿ ಇರಿಸಿಕೊಂಡರೆ ಊರು ಮುಟ್ಟಿಸುವ ಹೊಣೆ ಕಚೇರಿಯದು. ಯುಜಿಸಿಯ 2022ರ ನಿಯಮದಂತೆ ಅರೆಕಾಲಿಕ ಪಿಎಚ್.ಡಿ.ಗೆ ಬೇಕಾದ ನಿರಾಕ್ಷೇಪಣಾ ಪತ್ರ ಕೊಡಬೇಕು. ಅಪ್ಪನಿಗೆ ಓದಿ ಹೇಳಿದೆ. ‘ಕರಿಯೂದಿಲ್ಲ ಬಿಡು ಅವರು’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಕರದ್ರ ಚಲೋ ಆಗ್ತೈತಿ’ ಎಂದ.

ಇನ್ನೂ ಉತ್ತರ ಬಂದಿಲ್ಲ. ಬಾರದೆಯೂ ಇರಬಹುದು. ಆ ನಾಲ್ಕು ಸಾಲನ್ನು ತೆಗೆದು ಮತ್ತೊಮ್ಮೆ ಕಳಿಸಲೇ ಎಂದು ಕೆಲವು ರಾತ್ರಿ ಅನ್ನಿಸುತ್ತದೆ. ಹತ್ತು ಸಾವಿರವೂ ಸಣ್ಣ ದುಡ್ಡಲ್ಲ. ಮೊನ್ನೆ ತೊರವಿಯ ಹತ್ತಿರ ಆ ಹುಡುಗಿ ಮತ್ತೆ ಸಿಕ್ಕಳು. ನಿಲ್ಲಿಸಿ ನೋಟ್‌ಬುಕ್ ತೆಗೆದೆ. ‘ನಿನ್ನ ಹೆಸರು ಒಂದೊಂದ ಅಕ್ಷರ ಬಿಡಿಸಿ ಹೇಳವಾ’ ಎಂದೆ.