ಸುಳ್ಳು ಅಂತ ಹೇಳೋರು ಯಾರು?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಟೆಕ್ಕಿಯೊಬ್ಬನನ್ನು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸ್ಯಾಪ್ ವದಂತಿ. ಜೊತೆಗಿದ್ದ ಗೆಳೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಯಿತು. ಹಾಗಾಗಿ, "ಫೇಕ್ ನ್ಯೂಸಿಗೆಲ್ಲ ಕಾನೂನು ಯಾಕ್ರೀ?" ಅನ್ನೋರ ಜೊತೆ ನಾನಿಲ್ಲ.

2025ರಲ್ಲಿ ನಮ್ಮ ರಾಜ್ಯದ ಕರಡು ಮಸೂದೆ ಸುದ್ದಿಯಾದಾಗ ಆಫೀಸಿನಲ್ಲೆಲ್ಲ ಶಿಕ್ಷೆಯದ್ದೇ ಮಾತು: 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ನನಗೆ ಬೇಕಿದ್ದದ್ದು ಇನ್ನೊಂದು ಉತ್ತರ. ಯಾವುದು ಸುಳ್ಳು ಅಂತ ತೀರ್ಮಾನಿಸೋರು ಯಾರು? ಕರಡಿನಲ್ಲಿದ್ದ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು!

ಕೇಂದ್ರ ಸರ್ಕಾರವೂ ಇದೇ ದಾರಿ ಹಿಡಿದಿತ್ತು. ತನ್ನ ಬಗೆಗಿನ ಸುದ್ದಿಯಲ್ಲಿ ಸುಳ್ಳು ಯಾವುದೆಂದು ತನ್ನದೇ ಫ್ಯಾಕ್ಟ್ ಚೆಕ್ ಘಟಕ ಹೇಳಲಿ ಅಂತ 2023ರಲ್ಲಿ ನಿಯಮ ತಂದಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು.

ವದಂತಿಗೆ ಕಡಿವಾಣ ಬೀಳಲಿ. ನಿಜ–ಸುಳ್ಳಿನ ತಕ್ಕಡಿ ಮಾತ್ರ ಮಂತ್ರಿಗಳ ಕೈಗೆ ಬೇಡ. ನಮ್ಮ ರಸ್ತೆಯ ಗುಂಡಿ ಫೋಟೊ ಹಾಕಿ, "ಆರು ತಿಂಗಳಿಂದ ಹೀಗೇ ಇದೆ" ಅಂತ ಬರೆಯೋನು ನಾನು. ಐದೇ ತಿಂಗಳಾಗಿದ್ರೆ?