ಮೀನಿಗೆ ಕಾಲು ಬಂದ ಕಥೆ

ಹಾರರ್ ಮಾಂಗಾದ, ಅಂದರೆ ಜಪಾನಿನ ಭಯಾನಕ ಚಿತ್ರಕಥೆಯ, ರುಚಿಯೆಲ್ಲ ಪುಟ ತಿರುಗಿಸುವ ಅರೆಗಳಿಗೆಯಲ್ಲಿದೆ. ಜಪಾನಿನ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ಎಡಪುಟದ ಕೆಳಮೂಲೆಗೆ ಬರುವಷ್ಟರಲ್ಲಿ ಚೌಕಟ್ಟುಗಳು ಕಿರಿದಾಗಿರುತ್ತವೆ. ಚಿಲಕದ ಮೇಲೊಂದು ಕೈ, ಅಗಲವಾದ ಒಂದು ಕಣ್ಣು, ಅರ್ಧಕ್ಕೇ ನಿಂತ ಒಂದು ಮಾತು. ಹಾಳೆ ಮಗುಚಿದರೆ ಬಲಪುಟದ ತುಂಬ ಅದು ನಿಂತಿರುತ್ತದೆ. ಸಿನಿಮಾದಲ್ಲಾದರೆ ನಾವು ಕಣ್ಣು ಮುಚ್ಚಿಕೊಂಡರೂ ದೃಶ್ಯ ತನ್ನ ಪಾಡಿಗೆ ತಾನು ಮುಂದೆ ಹೋಗುತ್ತದೆ. ಇಲ್ಲಿ ಹಾಗಲ್ಲ, ನಮ್ಮ ಕೈಯಿಂದ ನಾವೇ ಹಾಳೆ ಎತ್ತಬೇಕು. ಹೆದರಿಕೆಗೆ ಬಾಗಿಲು ತೆರೆಯುವವರು ನಾವೇ. ರಾತ್ರಿ ಊಟ ಮುಗಿದು, ಮನೆಯವರೆಲ್ಲ ಮಲಗಿದ ಮೇಲೆ, ಮೇಜಿನ ದೀಪವೊಂದನ್ನೇ ಉಳಿಸಿಕೊಂಡು ಹೀಗೆ ಓದುತ್ತ ಕೂರುವುದು ನನಗೆ ಬಲು ಪ್ರೀತಿಯ ಹವ್ಯಾಸ.

ಈ ಅರೆಗಳಿಗೆಯ ಪಳಗಿದ ಕಸುಬುದಾರ ಜುಂಜಿ ಇತೊ. 1963ರಲ್ಲಿ ಗಿಫು ಪ್ರಾಂತ್ಯದಲ್ಲಿ ಹುಟ್ಟಿದವರು. ಕಟ್ಟುಹಲ್ಲು ತಯಾರಿಸುವ ತಂತ್ರಜ್ಞರಾಗಿ ದುಡಿಯುತ್ತಲೇ ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು. 1987ರಲ್ಲಿ ‘ತೊಮಿಯೆ’ ಕಥೆಯಿಂದ ಬೆಳಕಿಗೆ ಬಂದರು. 1998-99ರಲ್ಲಿ ಬಂದ ‘ಉಝುಮಾಕಿ’ ಅವರ ಹೆಸರನ್ನು ಗಟ್ಟಿ ಮಾಡಿತು. ಒಂದು ಊರನ್ನೇ ಸುರುಳಿಯ ಆಕಾರ ಕಾಡುವ ಆ ಕೃತಿಯ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆದರೆ ಇವತ್ತು ಹೇಳಬೇಕಾದದ್ದು ಅದರ ಬೆನ್ನಿಗೇ ಬಂದ ‘ಗ್ಯೋ’ ಬಗ್ಗೆ. 2001-02ರಲ್ಲಿ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕೃತಿ ಇದು. ಇದರಷ್ಟು ಆಸೆ ಹುಟ್ಟಿಸಿದ ಮಾಂಗಾ ನಾನು ಓದಿದವುಗಳಲ್ಲಿ ಹೆಚ್ಚಿಲ್ಲ. ಇದರಷ್ಟು ಬೇಸರ ತರಿಸಿದ್ದೂ ಇಲ್ಲ.

ತದಾಶಿ, ಕಓರಿ ಎಂಬ ಪ್ರೇಮಿಗಳು ರಜೆಗೆಂದು ಒಕಿನಾವಾಕ್ಕೆ ಬಂದಿದ್ದಾರೆ. ಸಮುದ್ರದ ಪಕ್ಕದ ಮನೆ. ಕಓರಿಯ ಮೂಗು ಬಲು ಸೂಕ್ಷ್ಮ. ಎಲ್ಲಿಂದಲೋ ಕೊಳೆತ ವಾಸನೆ ಬರುತ್ತಿದೆ ಎಂದು ಅವಳು ಬಂದಾಗಿನಿಂದ ಗೋಳಾಡುತ್ತಾಳೆ. ಮನೆಯೊಳಗೆ ಏನೋ ಹರಿದಾಡುತ್ತಿದೆ. ಕಪಾಟಿನ ಹಿಂದೆ ಟಕಟಕ, ನೆಲದ ಮೇಲೆ ಸರ್ರನೆ ಓಡಿದ ಸದ್ದು. ಇಲಿಯ ವೇಗವಲ್ಲ, ಜಿರಲೆಯ ತೂಕವಲ್ಲ. ತದಾಶಿ ಅದನ್ನು ಹೊಡೆದು ಜಜ್ಜಿ ನೋಡಿದರೆ ಅದೊಂದು ಮೀನು. ಕೊಳೆತ ಮೀನು. ಅದಕ್ಕೆ ಜೇಡನ ಕಾಲಿನಂಥ ಮೊನಚಾದ ಲೋಹದ ಕಾಲುಗಳು.

ಇದಕ್ಕಿಂತ ಒಳ್ಳೆಯ ಆರಂಭ ಯಾರಿಗೆ ಸಿಕ್ಕೀತು! ಸ್ಪೀಲ್‌ಬರ್ಗ್‌ನ ‘ಜಾಸ್’ ತಮ್ಮ ಮೇಲೆ ಮಾಡಿದ ಪರಿಣಾಮವನ್ನು ಇತೊ ಹೇಳಿಕೊಂಡಿದ್ದಾರೆ. ನೀರಿನ ಶಾರ್ಕ್ ಅಷ್ಟು ಹೆದರಿಸುವುದಾದರೆ ನೆಲಕ್ಕೂ ಬರುವ ಶಾರ್ಕ್ ಇನ್ನೆಷ್ಟು ಹೆದರಿಸಬಹುದು ಎಂಬುದೇ ‘ಗ್ಯೋ’ದ ಬೀಜ. ಆ ಶಾರ್ಕ್ ಬಂದೇ ಬರುತ್ತದೆ, ಅದೂ ಶುರುವಿನಲ್ಲೇ. ಮೆಟ್ಟಿಲಿರುವ, ಬಾಗಿಲಿರುವ, ಮನುಷ್ಯರು ಬಾಳುವ ಸಾದಾ ಮನೆಯೊಂದರೊಳಗೆ ಬಾಯಿ ತೆರೆದು ನುಗ್ಗುತ್ತದೆ. ಆ ಪುಟಗಳನ್ನು ನಾನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಶಾರ್ಕಿನ ಚರ್ಮದ ಒರಟು ತೋರಿಸಲು ಎಳೆದ ಸಣ್ಣ ಸಣ್ಣ ಗೆರೆಗಳು, ಒಸಡಿನ ಒದ್ದೆ, ಕಿರಿದಾದ ಕೋಣೆಯ ಗೋಡೆಗೆ ಉಜ್ಜುವ ಮೈ. ಮನೆಯ ಭಾಗವನ್ನೆಲ್ಲ ಅಳತೆಪಟ್ಟಿ ಇಟ್ಟ ಹಾಗೆ ಅಚ್ಚುಕಟ್ಟಾಗಿ ಬರೆದಿದ್ದಾರೆ. ಕೋಣೆ ಅಷ್ಟು ನಿಜವಾಗಿರುವುದರಿಂದಲೇ ಶಾರ್ಕ್ ಕೂಡ ನಿಜವಾಗುತ್ತದೆ. ಕಟ್ಟುಹಲ್ಲು ಕೆತ್ತಿದ ಕೈಯಿದು. ಲೋಹ ಎಲ್ಲಿ ಮಾಂಸವನ್ನು ಕಚ್ಚಿ ಹಿಡಿಯುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು.

ವಾಸನೆಯ ವಿಚಾರವನ್ನು ಇಲ್ಲಿ ಹೇಳಲೇಬೇಕು. ಕಾಗದಕ್ಕೆ ಮೂಗಿಲ್ಲ. ಕಪ್ಪು ಶಾಯಿಯಲ್ಲಿ ದುರ್ನಾತವನ್ನು ಬರೆಯುವುದು ಹೇಗೆ? ಇತೊ ಮೊದಲು ಅದನ್ನು ಕಓರಿಯ ಮುಖದಲ್ಲಿ ಬರೆಯುತ್ತಾರೆ. ಹುಬ್ಬು ಗಂಟಿಕ್ಕಿ, ಮೂಗು ಮುಚ್ಚಿ, ಕಡೆಕಡೆಗೆ ಕಣ್ಣಲ್ಲಿ ನೀರು. ಆಮೇಲೆ ಮೀನಿನ ಮೈಯಿಂದ ಏಳುವ ಆವಿಯಲ್ಲಿ ಬರೆಯುತ್ತಾರೆ. ಮಲ್ಪೆಯಂಥ ಬಂದರಿನಲ್ಲಿ ಬಿಸಿಲೇರಿದ ಮೇಲೆ ಒಂದು ಸುತ್ತು ಹಾಕಿದವರಿಗೆ ಉಳಿದದ್ದನ್ನು ಮೂಗೇ ತುಂಬಿಕೊಡುತ್ತದೆ. ಚಿತ್ರ ನೋಡುತ್ತ ನೋಡುತ್ತ ನಾನು ಉಸಿರು ಬಿಗಿಹಿಡಿದದ್ದುಂಟು. ಕಣ್ಣಿನ ಕಲೆಯೊಂದು ಮೂಗನ್ನು ಮುಟ್ಟುವುದು ಸಣ್ಣ ಸಾಧನೆಯಲ್ಲ. ಜಜ್ಜಿದ ಆ ಮೊದಲ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ ಹಾಕುತ್ತಾರಲ್ಲ, ಅವರು ತೋಕಿಯೊಗೆ ಮರಳಿದ ಮೇಲೆ ಅದೇ ಚೀಲ ಕಾಲು ಹಾಕುತ್ತ ಮನೆಗೇ ಬರುತ್ತದೆ. ಒಳಗಿರುವುದನ್ನು ಅಷ್ಟಾಗಿ ತೋರಿಸದೆ, ನಡೆದು ಬಂದ ಒಂದು ಚೀಲದಿಂದಲೇ ಮೈ ಜುಮ್ಮೆನಿಸುವುದಿದೆಯಲ್ಲ, ಇತೊ ಎಂದರೆ ಅದು.

ಇಲ್ಲಿಂದ ಮುಂದೆ ಕಥೆ ಜಾರುತ್ತದೆ.

ತದಾಶಿ ಆ ಚೀಲವನ್ನು ತನ್ನ ಚಿಕ್ಕಪ್ಪ, ವಿಜ್ಞಾನಿ ಕೊಯಾನಗಿಯ ಬಳಿ ಒಯ್ಯುತ್ತಾನೆ. ವಿಜ್ಞಾನಿ ವಿವರಣೆಗೆ ಕೂರುತ್ತಾನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ರೋಗಾಣುವೊಂದನ್ನು ಬೆಳೆಸಿತ್ತು, ಅದು ತಗುಲಿದ ದೇಹ ಕೊಳೆತು ವಿಷವಾಯು ಬಿಡುತ್ತದೆ, ಆ ವಾಯುವಿನ ಬಲದಿಂದಲೇ ಕಾಲುಯಂತ್ರ ನಡೆಯುತ್ತದೆ, ಯಂತ್ರಗಳನ್ನು ಹೊತ್ತ ಹಡಗು ಮುಳುಗಿತು, ಇತ್ಯಾದಿ. ಮಾತಿನ ಗುಳ್ಳೆಗಳು ಚೌಕಟ್ಟನ್ನು ನುಂಗುತ್ತವೆ. ಇದುವರೆಗೆ ಹೆದರಿದ್ದು ಯಾವುದೆಂದು ತಿಳಿಯದ ವಸ್ತುವಿಗೆ. ಈಗ ಅದಕ್ಕೆ ತಯಾರಕರ ವಿಳಾಸ ಸಿಕ್ಕಿತು, ಕೆಲಸ ಮಾಡುವ ಕ್ರಮವೂ ತಿಳಿಯಿತು. ಗುಟ್ಟು ಬಿಚ್ಚಿದ ಮೇಲೆ ಮೀನು ಮೀನಾಗಿ ಉಳಿಯಿತು, ಕಾಲು ಯಂತ್ರವಾಗಿ ಉಳಿಯಿತು. ಎರಡೂ ಸೇರಿ ಹುಟ್ಟಿಸಿದ್ದ ಭಯ ಮಾತ್ರ ಉಳಿಯಲಿಲ್ಲ.

ವಿವರಣೆ ಕೊಟ್ಟದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ. ಯುದ್ಧದ ಆ ಎಳೆ ಸಾಮಾನ್ಯವಾದದ್ದೇನಲ್ಲ. ಜಪಾನಿ ಸೇನೆಯ 731ನೇ ಪಡೆ ಚೀನಾದ ಹಾರ್ಬಿನ್ ಬಳಿ ಸೆರೆಯಾಳುಗಳ ಮೇಲೆ ರೋಗಾಣು ಪ್ರಯೋಗ ನಡೆಸಿದ್ದು ಚರಿತ್ರೆಯಲ್ಲಿ ದಾಖಲಾದ ಘೋರ ಸತ್ಯ. ಕಥೆ ಶುರುವಾಗುವ ಒಕಿನಾವಾವೂ ಬರೀ ಪ್ರವಾಸದ ದ್ವೀಪವಲ್ಲ. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ನಡೆದ ಕದನದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ನಾಗರಿಕರು ಸತ್ತರು. ಆ ದಂಡೆಗೇ, ಅದೇ ಸೇನೆಯ ಪಾಪ, ಅರ್ಧ ಶತಮಾನದ ಮೇಲೆ ನಾರುತ್ತ ಕಾಲು ಮೂಡಿಸಿಕೊಂಡು ಸಮುದ್ರದಿಂದ ಎದ್ದು ಬರುತ್ತದೆ! ಇಂಥದೊಂದು ಕಲ್ಪನೆ ಕೈಯಲ್ಲಿತ್ತು. 1954ರ ‘ಗೊಡ್ಜಿಲ್ಲಾ’ ಅಣುಬಾಂಬಿನ ನೋವನ್ನು ಸಮುದ್ರದಿಂದ ಎಬ್ಬಿಸಿ ನಿಲ್ಲಿಸಿತ್ತು. ಅದು ಜಪಾನ್ ಅನುಭವಿಸಿದ ನೋವು. ‘ಗ್ಯೋ’ ಎಬ್ಬಿಸಬಹುದಾಗಿದ್ದದ್ದು ಜಪಾನ್ ಮಾಡಿದ ತಪ್ಪನ್ನು. ಅದಕ್ಕಾಗಿಯೇ ನನಗೆ ಇಷ್ಟು ಸಂಕಟ. ವಿಜ್ಞಾನಿ ಕೆಲವು ಪುಟಗಳಲ್ಲಿ ವರದಿ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತಾನೆ, ತದಾಶಿ ಬೆಚ್ಚುತ್ತಾನೆ, ಕಥೆ ಮುಂದಿನ ವಿಕಾರದ ಕಡೆಗೆ ಓಡುತ್ತದೆ. ಒಕಿನಾವಾದ ನೆನಪು ಎಲ್ಲೂ ಬರುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಉಳಿದ ಭಾಗವನ್ನು ಬೇಗ ಹೇಳಬಹುದು. ರೋಗ ಮನುಷ್ಯರಿಗೆ ಹರಡುತ್ತದೆ, ಯಂತ್ರಗಳು ಮನುಷ್ಯರನ್ನು ಹೊತ್ತು ನಡೆಯುತ್ತವೆ, ನಗರ ಹಾಳು ಬೀಳುತ್ತದೆ, ನಡುವೆ ಒಂದು ಸರ್ಕಸ್ಸೂ ಬರುತ್ತದೆ. ಪ್ರತಿ ಅಧ್ಯಾಯ ಹಿಂದಿನದಕ್ಕಿಂತ ದೊಡ್ಡದೇನನ್ನೋ ತೋರಿಸಬೇಕೆಂಬ ಹಟದಲ್ಲಿದೆ. ವಾರವಾರವೂ ಓದುಗರನ್ನು ಹಿಡಿದಿಡಬೇಕಾದ ಧಾರಾವಾಹಿಯ ಒತ್ತಡ ಅದರಲ್ಲಿ ಕಾಣುತ್ತದೆ. ‘ಉಝುಮಾಕಿ’ಯೂ ಅದೇ ಪತ್ರಿಕೆಯಲ್ಲಿ ಬಂದದ್ದೇ. ಆದರೆ ಅಲ್ಲಿ ಒಂದೊಂದು ಅಧ್ಯಾಯವೂ ಸುರುಳಿಯ ಒಂದೊಂದು ಹೊಸ ಮುಖ: ಕೂದಲು, ಬಸವನಹುಳು, ದೀಪಸ್ತಂಭ. ಇಲ್ಲಿ ಒಂದೇ ವಿಕಾರ ಗಾತ್ರದಲ್ಲಿ ಬೆಳೆಯುತ್ತ ಹೋಗುತ್ತದೆ. ಒಂದು ಶಾರ್ಕ್ ಮನೆಗೆ ನುಗ್ಗಿದಾಗ ನಡುಗಿದ ನನಗೆ ಸಾವಿರ ಮೀನು ಬೀದಿ ತುಂಬಿದಾಗ ಏನೂ ಅನ್ನಿಸಲಿಲ್ಲ.

ಕಓರಿಗೆ ಆದದ್ದು ಇನ್ನೂ ಅನ್ಯಾಯ. ಕಥೆಯ ಅತ್ಯುತ್ತಮ ಸಲಕರಣೆಯೇ ಅವಳ ಮೂಗು. ಎಲ್ಲರಿಗಿಂತ ಮೊದಲು ಅಪಾಯವನ್ನು ಗ್ರಹಿಸಿದವಳು ಅವಳು. ಅವಳ ಮಾತನ್ನು ಯಾರೂ ಕೇಳಲಿಲ್ಲ ಎನ್ನುವುದರಲ್ಲೇ ಒಂದು ಒಳ್ಳೆಯ ಕಥೆಯಿತ್ತು. ಇತೊ ಅವಳನ್ನು ಸದಾ ಸಿಡುಕುವ, ಅನುಮಾನದ ಹುಡುಗಿಯನ್ನಾಗಿಯೇ ಉಳಿಸಿ, ಆಮೇಲೆ ರೋಗ ತಗುಲಿಸಿ ಯಂತ್ರಕ್ಕೆ ಕಟ್ಟುತ್ತಾರೆ. ಮಾತಾಡುತ್ತಿದ್ದವಳು ನೋಡಲಿಕ್ಕಷ್ಟೇ ಉಳಿದ ವಸ್ತುವಾಗುತ್ತಾಳೆ. 2012ರಲ್ಲಿ ಬಂದ ಅನಿಮೆ ಚಿತ್ರ ಅವಳನ್ನೇ ಮುಖ್ಯ ಪಾತ್ರವಾಗಿಸಿತು. ಮೂಲದಲ್ಲಿ ಏನೋ ಎಡವಟ್ಟಾಗಿದೆ ಎಂದು ಅದನ್ನು ಮಾಡಿದವರಿಗೂ ಅನ್ನಿಸಿರಬೇಕು. ಆದರೆ ಆ ಚಿತ್ರವೂ ನನಗೆ ಹಿಡಿಸಲಿಲ್ಲ. ಪುಟ ತಿರುಗಿಸುವ ಕೈಗೆ ಅಲ್ಲಿ ಕೆಲಸವೇ ಇಲ್ಲ.

ಇಷ್ಟೆಲ್ಲ ಹೇಳಿಯೂ ಈ ಪುಸ್ತಕವನ್ನು ನಾನು ಕಪಾಟಿನಿಂದ ಇಳಿಸಿಲ್ಲ. ಕಾರಣ ಅದರ ಕೊನೆಯ ಹಾಳೆಗಳಲ್ಲಿದೆ. ‘ಗ್ಯೋ’ ಮುಗಿದ ಮೇಲೆ ಎರಡು ಬಿಡಿ ಕಥೆಗಳಿವೆ. ಮನೆಯ ಕಂಬದ ಅಡಿಗೆ ಸಿಕ್ಕಿಬಿದ್ದ ಯಜಮಾನನ ಪುಟ್ಟ ಕಥೆಯೊಂದು. ಇನ್ನೊಂದು ‘ಅಮಿಗಾರಾ ಬಿರುಕಿನ ಒಗಟು’. ಭೂಕಂಪವಾಗಿ ಅಮಿಗಾರಾ ಬೆಟ್ಟ ಸೀಳುತ್ತದೆ. ಸೀಳಿದ ಬಂಡೆಯ ಮುಖದ ತುಂಬ ಮನುಷ್ಯಾಕಾರದ ರಂಧ್ರಗಳು. ಟೀವಿಯಲ್ಲಿ ಅದನ್ನು ನೋಡಿ ದೂರದೂರದ ಊರುಗಳಿಂದ ಜನ ಬರುತ್ತಾರೆ. ಏಕೆ ಬಂದೆವೆಂದು ಅವರಿಗೇ ಸರಿಯಾಗಿ ಹೇಳಲಾಗುವುದಿಲ್ಲ. ಅಲ್ಲಿರುವ ಒಂದು ರಂಧ್ರ ತನ್ನದೇ, ತನ್ನ ಅಳತೆಗೇ ಕೊರೆದದ್ದು ಎಂದು ಒಬ್ಬೊಬ್ಬರಿಗೂ ಅನ್ನಿಸತೊಡಗುತ್ತದೆ. ನಕಗಾಕಿ ಎಂಬಾತ ಬಟ್ಟೆ ಕಳಚಿ ತನ್ನ ರಂಧ್ರದೊಳಗೆ ಹೋಗಿಬಿಡುತ್ತಾನೆ. ಒಳಗೆ ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಯಬಹುದು, ಹಿಂದಕ್ಕೆ ಬರಲಾಗದು.

ಇಲ್ಲಿಯೂ ಒಂದು ವಿವರಣೆ ಬರುತ್ತದೆ. ಆದರೆ ಕನಸಿನಲ್ಲಿ ಬರುತ್ತದೆ. ಹಿಂದಿನ ಕಾಲದಲ್ಲಿ ಅಪರಾಧಿಗಳಿಗೆ ಕೊಡುತ್ತಿದ್ದ ಶಿಕ್ಷೆ ಇದು ಎಂಬಂತೆ ನಾಯಕ ಓವಾಕಿಗೆ ಕನಸು ಬೀಳುತ್ತದೆ. ನಿಜವೋ ಸುಳ್ಳೋ ಯಾರೂ ಹೇಳುವುದಿಲ್ಲ. ವಿಜ್ಞಾನಿ ಬಂದು ಪಾಠ ಮಾಡುವುದಿಲ್ಲ. ಅಲ್ಲಿರುವ ತಜ್ಞರಿಗೂ ಕಗ್ಗತ್ತಲೆ. ಓವಾಕಿಯ ಜೊತೆ ಮಾತಿಗೆ ಸಿಕ್ಕ ಯೊಶಿದಾ ಎಂಬ ಹುಡುಗಿ ತನ್ನ ರಂಧ್ರ ಕಂಡು ನಡುಗುತ್ತಾಳೆ. ಅವನು ಅದಕ್ಕೆ ಕಲ್ಲು ತುಂಬಿ ಮುಚ್ಚುತ್ತಾನೆ, ರಾತ್ರಿ ಅವಳ ಪಕ್ಕದಲ್ಲೇ ಇರುತ್ತಾನೆ. ಬೆಳಗಾಗುವಷ್ಟರಲ್ಲಿ ಅವಳಿಲ್ಲ. ಕೆಲವು ತಿಂಗಳ ಮೇಲೆ ಬೆಟ್ಟದ ಆ ಬದಿಯಲ್ಲೂ ರಂಧ್ರಗಳು ಕಾಣಿಸಿಕೊಂಡ ಸುದ್ದಿ ಬರುತ್ತದೆ, ಯಾರೋ ಅದರೊಳಗೆ ಟಾರ್ಚು ಬಿಡುತ್ತಾರೆ. ಏನು ಕಂಡಿತು ಎಂಬುದನ್ನು ನಾನು ಬರೆಯುವುದಿಲ್ಲ. ಆ ಹಾಳೆಯನ್ನು ನೀವೇ ತಿರುಗಿಸಬೇಕು.

ಗಮನಿಸಿ, ಈ ಕಥೆಯಲ್ಲಿ ರಕ್ತವಿಲ್ಲ, ಕೊಳೆತ ಮಾಂಸವಿಲ್ಲ. ಬಹುತೇಕ ಪುಟಗಳಲ್ಲಿ ಇರುವುದು ಬಂಡೆ ಮತ್ತು ಅದರ ಮೇಲಿನ ಕಪ್ಪು ಆಕಾರಗಳು. ಅವನ್ನು ಇತೊ ಪೂರ್ತಿ ಶಾಯಿ ತುಂಬಿ ಬರೆದಿದ್ದಾರೆ. ತಲೆ, ತೋಳು, ಕಾಲುಗಳ ಹೊರಗೆರೆ ಅಷ್ಟೇ. ಮುಖವಿಲ್ಲ, ಆಳ ಎಷ್ಟೆಂದು ತಿಳಿಯುವುದಿಲ್ಲ. ನೋಡುತ್ತ ಹೋದರೆ ನಮ್ಮ ಕಣ್ಣೂ ತಂತಾನೇ ನಮ್ಮ ಭುಜದಗಲದ ಆಕಾರವೊಂದನ್ನು ಹುಡುಕತೊಡಗುತ್ತದೆ. ‘ಗ್ಯೋ’ ನೂರಾರು ಪುಟಗಳಲ್ಲಿ ನನ್ನನ್ನು ಅಟ್ಟಿಸಿಕೊಂಡು ಬಂದರೂ ಹಿಡಿಯಲಾಗಲಿಲ್ಲ. ಅಮಿಗಾರಾ ನಿಂತಲ್ಲೇ ನಿಂತು ಕರೆಯಿತು, ನಾನು ಹೋದೆ. ಒಂದೇ ಕೈ, ಒಂದೇ ಶಾಯಿ, ಒಂದೇ ಪುಸ್ತಕದ ರಟ್ಟಿನೊಳಗೆ ಇವೆರಡೂ ಇವೆ. ಈ ಕಸುಬನ್ನು ಪ್ರೀತಿಸುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಡ.

ಇಂಗ್ಲಿಷಿನಲ್ಲಿ 2015ರಲ್ಲಿ ಬಂದ ಒಂದೇ ಸಂಪುಟದ ಆವೃತ್ತಿಯಲ್ಲಿ ಇಡೀ ‘ಗ್ಯೋ’ ಮತ್ತು ಈ ಎರಡು ಕಥೆಗಳು ಒಟ್ಟಿಗೆ ಸಿಗುತ್ತವೆ. ಕೈಗೆ ಸಿಕ್ಕರೆ ಒಕಿನಾವಾದ ಅಧ್ಯಾಯಗಳನ್ನು ನಿಧಾನವಾಗಿ ಓದಿ, ಶಾರ್ಕ್ ಬರುವ ಪುಟಗಳ ಗೆರೆಗಳನ್ನು ಹತ್ತಿರದಿಂದ ನೋಡಿ. ಪ್ಲಾಸ್ಟಿಕ್ ಚೀಲ ಮನೆಗೆ ನಡೆದು ಬಂದ ಮೇಲೆ ಬೇಸರವೆನಿಸಿದರೆ ಸಂಕೋಚಪಡದೆ ಪುಟಗಳನ್ನು ಹಾರಿಸಿ, ಆದರೆ ಅಮಿಗಾರಾ ಬೆಟ್ಟವನ್ನು ಮಾತ್ರ ಬಿಡಬೇಡಿ.