ಕುಮಟೆಯ ಗಂಜಿ

ನಮ್ಮದು ರಬಕವಿ-ಬನಹಟ್ಟಿಯ ನೇಕಾರರ ಮನೆ. ಮಗ್ಗದ ಸಪ್ಪಳದಲ್ಲಿಯೇ ಹುಟ್ಟಿ ಬೆಳೆದ ನನಗೆ ಗಂಜಿಯೆಂದರೆ ನೂಲಿಗೆ ಹಾಕುವ ವಸ್ತು. ಹಾಸಿನ ಎಳೆಗಳು ಹರಿಯಬಾರದೆಂದು ಅವಕ್ಕೆ ಗಂಜಿಯನ್ನುಣಿಸುವೆವು; ಸೀರೆಯು ಸಿದ್ಧವಾದ ಮೇಲೆ ಅಂಗಡಿಯಲ್ಲಿ ಬಿಗುವಾಗಿ ಕಾಣಲೆಂದು ಮತ್ತಿಷ್ಟು ಹಚ್ಚುವೆವು. ಮನುಷ್ಯರು ಅದನ್ನುಣ್ಣುವದು ಜ್ವರ ಬಂದಾಗ ಮಾತ್ರವೆಂದು ನಾಲ್ವತ್ತು ವರುಷ ನಂಬಿದ್ದೆನು.

ಕಳೆದ ವರುಷದ ಆಷಾಢದಲ್ಲಿ ಕುಮಟೆಯ ವ್ಯಾಪಾರಿಯೊಬ್ಬರಿಂದ ತಕರಾರು ಬಂದಿತು. ವೈಶಾಖದಲ್ಲಿ ಕಳಿಸಿದ ಎರಡು ಗಂಟುಗಳಲ್ಲಿ ಅರ್ಧಕ್ಕೂ ಮಿಕ್ಕಿ ಸೀರೆಗಳಿಗೆ ಬೂಷ್ಟು ಹಿಡಿದಿದೆ, ಹಣ ಕೊಡಲಾಗದು, ಮಾಲನ್ನು ತಿರುಗಿ ಒಯ್ಯಿರಿ, ಎಂದು. ಆ ಹಣದಿಂದಲೇ ನಾಲ್ಕು ಮಗ್ಗಗಳಿಗೆ ನೂಲು ಕೊಳ್ಳಬೇಕಾಗಿತ್ತು. ನೇಕಾರರ ಎರಡು ವಾರದ ಮಜೂರಿಯೂ ಬಾಕಿ ನಿಂತಿತ್ತು. ಇದೆಲ್ಲ ಹಣ ಕೊಡದಿರಲು ಹೂಡಿದ ನೆವವೆಂದು ನಿಶ್ಚಯಿಸಿ, ಮುಖತಃ ಕಂಡು ಕೇಳಿಯೇ ಬರುವೆನೆಂದು ಹೊರಟೆನು.

ಬೀಳಗಿಯಿಂದ ಬಂದಿದ್ದ ನಮ್ಮ ಅಕ್ಕ ಮೂವತ್ತು ಖಡಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿಗಳನ್ನು ಬುತ್ತಿ ಕಟ್ಟಿದಳು. “ಆ ಕಡೆ ಬರೀ ಅನ್ನಾನಪ್ಪಾ, ಹೊಟ್ಟಿ ನಿಲ್ಲೂದಿಲ್ಲ” ಎಂದಳು. ನಮ್ಮ ಸೀಮೆಯಲ್ಲಿ ಖಡಕ ರೊಟ್ಟಿಯು ತಿಂಗಳಾದರೂ ಕೆಡುವದಿಲ್ಲ.

ಮಹಾಲಿಂಗಪುರ, ಮುಧೋಳಗಳನ್ನು ದಾಟುವವರೆಗೆ ಮೋಡಗಳು ಬರಿಯ ನೆರಳು ಕೊಟ್ಟವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರದಲ್ಲಿ ರೊಟ್ಟಿ ಮುರಿದಾಗ ಅದು ಕಟುಮ್ಮೆಂದಿತು. ಅರಬೈಲು ಘಟ್ಟವನ್ನಿಳಿಯುವಾಗ ಹಿಡಿದ ಮಳೆಯು ಆರು ದಿವಸ ಬಿಡಲಿಲ್ಲ. ವರುಷಕ್ಕೆ ೬೦೦ ಮಿಲಿಮೀಟರು ಬಿದ್ದರೆ ಸುಭಿಕ್ಷವೆನ್ನುವ ನಾವೆಲ್ಲಿ, ೩೦೦೦ಕ್ಕೂ ಮಿಕ್ಕಿ ಸುರಿಯುವ ಆ ಕರಾವಳಿಯೆಲ್ಲಿ! ಅಂಕೋಲೆಯಲ್ಲಿ ಇಳಿದು ಚಹದಂಗಡಿಗೆ ಹೋದೆನು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರದು. ಅಲ್ಲಿಯ ಮೇಜಿನ ಮೇಲಿನ ಉಪ್ಪು ಬಟ್ಟಲಲ್ಲಿಯೇ ನೀರಾಗಿತ್ತು. ಅದನ್ನು ಕಂಡೂ ನನಗೆ ಏನೂ ಹೊಳೆಯಲಿಲ್ಲ.

ಅಂಕೋಲೆ, ಕಾರವಾರಗಳಲ್ಲಿ ಸಣ್ಣಪುಟ್ಟ ವಸೂಲಿಗೆಂದು ಮೂರು ದಿವಸ ಕಳೆದವು. ಸತ್ಯವನ್ನೇ ಹೇಳುವೆನು: ಅಲ್ಲಿಯ ಬನ್ಸು ನನ್ನ ರೊಟ್ಟಿಯ ಅಭಿಮಾನವನ್ನು ಮರೆಯಿಸಿತು. ಬಾಳೆಯ ಹಣ್ಣನ್ನು ಹಿಟ್ಟಿನಲ್ಲಿ ಕಲಿಸಿ ಕರಿದ, ತುಸು ಸಿಹಿಯಾದ ಆ ಉಬ್ಬಿದ ಪೂರಿಯನ್ನು ಕಾಯಿ ಚಟ್ನಿಯೊಡನೆ ಬೆಳಿಗ್ಗೆ ಸಂಜೆ ತಿಂದೆನು. ಬುತ್ತಿಯ ಗಂಟನ್ನು ಬಿಚ್ಚಲೇ ಇಲ್ಲ.

ಕುಮಟೆಯ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆಯಿತು. “ನಿಮ್ಮ ಜೋಪಾಸನೆಯ ತಪ್ಪಿಗೆ ನಮ್ಮ ಮಗ್ಗ ನಿಲ್ಲಬೇಕೇ?” ಎಂದು ಕೂಗಿದೆನು. ಯಜಮಾನರು ಸಿಟ್ಟಾಗಲಿಲ್ಲ. “ಸಾವಕಾರರೇ, ಲೆಕ್ಕ ಆಮೇಲೆ ನೋಡುವಾ. ಊಟದ ಹೊತ್ತಾಯ್ತು, ಮನೆಗೆ ಬನ್ನಿ” ಎಂದರು.

ಮನೆಯ ಜಂತೆಗಳಿಗೆ ಕುಮಟೆಯ ಕೆಂಪು ಸಿಹಿ ಈರುಳ್ಳಿಯ ಗೊಂಚಲುಗಳನ್ನು ಹೆಣೆದು ತೂಗುಹಾಕಿದ್ದರು. ಯಜಮಾನರ ವೃದ್ಧ ತಾಯಿ ಬಾಳೆಲೆಯ ಪಕ್ಕದಲ್ಲಿ ಬಟ್ಟಲಿಟ್ಟು ಹಬೆಯಾಡುವ ಕುಚ್ಚಲಕ್ಕಿಯ ಗಂಜಿಯನ್ನು ಬಡಿಸಿದರು. ಭತ್ತವನ್ನು ಸಿಪ್ಪೆಯೊಡನೆ ಬೇಯಿಸಿ, ಒಣಗಿಸಿ, ಆ ಮೇಲೆ ಮಾಡಿದ ಅಕ್ಕಿಯದು. ಜೊತೆಗೆ ಮಾವಿನ ಮಿಡಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಒಂದೆಲಗದ ತಂಬುಳಿ, ಕೆಸುವಿನ ಎಲೆಗೆ ಅಕ್ಕಿ-ಕಾಯಿಗಳ ಖಾರ ಹಿಟ್ಟು ಬಳಿದು ಸುತ್ತಿ ಬೇಯಿಸಿದ ಪತ್ರೊಡೆ. ಜಗಳದ ಬಿಸಿಯಲ್ಲಿದ್ದ ನಾನು ಬಿಗುಮಾನದಿಂದ, “ನನಗೆ ನನ್ನ ರೊಟ್ಟಿಯಿದೆ” ಎಂದು ಗಂಟನ್ನು ಬಿಚ್ಚಿದೆನು.

ಮೇಲಿನ ರೊಟ್ಟಿಗಳು ಒದ್ದೆಯ ಅರಿವೆಯಂತೆ ಜೋತುಬಿದ್ದವು. ಕೆಳಗಿನವುಗಳ ಮೇಲೆ ಬೆಳ್ಳಗೆ, ಹಸುರಾಗಿ ಬೂಷ್ಟು ಹಬ್ಬಿತ್ತು.

ಯಾರೂ ನಗಲಿಲ್ಲ. ಯಜಮಾನರು ತಮ್ಮ ಎಲೆಯನ್ನೇ ನೋಡುತ್ತ ಕುಳಿತರು. ಅಜ್ಜಿಯು ಮಾತ್ರ, “ನಮ್ಮ ಮಳೆಗೆ ದಾಕ್ಷಿಣ್ಯ ಇಲ್ಲ ತಮಾ, ಸೀರೆಗೂ ಇಲ್ಲ, ರೊಟ್ಟಿಗೂ ಇಲ್ಲ” ಎಂದು, ಕೆಟ್ಟವನ್ನು ಬೇರ್ಪಡಿಸಿ, ಒಳ್ಳೆಯ ಆರೇಳನ್ನು ಒಳಗೆ ಒಯ್ದು ಕಾವಲಿಯ ಮೇಲೆ ಕಾಯಿಸಿ ತಂದರು. ಅವು ಮತ್ತೆ ಗರಿಗರಿಯಾಗಿದ್ದವು. ಮನೆಯವರೆಲ್ಲರೂ ಒಂದೊಂದು ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು. ನಾನು ತಲೆ ತಗ್ಗಿಸಿ ಗಂಜಿಯುಂಡೆನು. ಬಿಸಿಯಾಗಿ, ಉಪ್ಪುಪ್ಪಾಗಿ, ಮಿಡಿಯ ಒಗರು ಹುಳಿಯೊಡನೆ ಅದು ಹೊಟ್ಟೆಯಲ್ಲಿ ಚೆನ್ನಾಗಿಯೇ ನಿಂತಿತು. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.

ಊಟದ ನಂತರ ಸೀರೆಗಳನ್ನು ಬಿಡಿಸಿ ನೋಡಿದೆವು. ಬೂಷ್ಟು ಹತ್ತಿದುದು ಗಂಜಿ ದಪ್ಪಗಾಗಿದ್ದ ಮಡಿಕೆಗಳಲ್ಲಿಯೇ. ಬಿಗುವಾಗಿ ಕಾಣಲೆಂದು ನಾವು ಹಚ್ಚಿದ ಗಂಜಿಯು ತೇವವನ್ನು ಹೀರಿ ಬೂಷ್ಟಿಗೆ ಅನ್ನವಾಗಿತ್ತು. ನನ್ನ ಕೂಗಾಟಕ್ಕೆ ಕ್ಷಮೆ ಬೇಡಿದೆನು. ಕಲೆಯಾದುವನ್ನು ನಾನು ತಿರುಗಿ ಒಯ್ಯುವದೆಂದೂ, ಉಳಿದವುಗಳ ಹಣವನ್ನು ಅವರು ಅಂದೇ ಕೊಡುವದೆಂದೂ ಒಪ್ಪಂದವಾಯಿತು. ಆ ಹಣದಲ್ಲಿ ಮಜೂರಿ ತೀರಿತು. ನೂಲು ಎರಡೇ ಮಗ್ಗಗಳಿಗೆ ಬಂದಿತು. ಮಿಕ್ಕೆರಡು ಗಣೇಶ ಚೌತಿಯವರೆಗೆ ನಿಂತೇ ಇದ್ದವು.

ತಂದ ಸೀರೆಗಳನ್ನು ಮನೆಯ ಹೆಣ್ಣುಮಕ್ಕಳು ಒಗೆದು ಬಿಸಿಲಿಗೆ ಹಾಕಿದರು. ಕಲೆ ಹೋದವನ್ನು ಜಮಖಂಡಿಯ ಸಂತೆಯಲ್ಲಿ ಕಡಿಮೆ ಬೆಲೆಗೆ ಮಾರಿದೆವು. ಹಾಸಿನ ಗಂಜಿಯನ್ನು ಬಿಡಲಾಗದು, ಎಳೆ ಹರಿಯುವದು. ಮೇಲುಗಂಜಿಯನ್ನು ಮಾತ್ರ ಕರಾವಳಿಯ ಮಾಲಿಗೆ ನಿಲ್ಲಿಸಿದ್ದೇವೆ. ಮಾಲನ್ನೂ ದಸರೆಯ ನಂತರವೇ ಕಳಿಸುತ್ತೇವೆ. ಕುಮಟೆಯ ಅಜ್ಜಿ ಕೊಟ್ಟ ಈರುಳ್ಳಿಯ ಗೊಂಚಲನ್ನು ನಮ್ಮಾಕೆ ಮಗ್ಗದ ಕೋಣೆಯ ಗೂಟಕ್ಕೆ ತೂಗುಹಾಕಿದ್ದಳು. ನೇಕಾರರು ಹೋಗುತ್ತ ಬರುತ್ತ ಒಂದೊಂದು ಕಿತ್ತು ರೊಟ್ಟಿಯ ಜೊತೆಗೆ ಕಡಿದು ಎಂಟು ದಿವಸಗಳಲ್ಲಿ ಮುಗಿಸಿದರು.